ಮಹಿಳಾ ಸಮಾಜಗಳು ನಡೆದುಬಂದ ದಾರಿ



ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪ್ರಥಮ ಅಭಿಷೇಕದ ಕಥೆಯನ್ನು ಕೇಳದ ಶ್ರಾವಕರ ಮನೆ ಇರಲಾರದು. ಚಾವುಂಡರಾಯನು ಕೊಡಗಟ್ಟಲೆ ಹಾಲನ್ನು ತರಿಸಿ ಅಭಿಷೇಕ ಮಾಡಿಸಿದನು. ಎಷ್ಟು ಸುರಿದರೂ ಹಾಲು ಮೂರ್ತಿಯ ನಡುವಿನಿಂದ ಕೆಳಗಿಳಿಯಲಿಲ್ಲ. ಕೊನೆಗೆ ಯಾರೂ ಗುರುತಿಸದ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ತೊಟ್ಟು ಹಾಲು ಶಿರದಿಂದ ಪಾದದವರೆಗೆ ಹರಿದು ಬೆಟ್ಟವನ್ನೆಲ್ಲ ತೋಯಿಸಿತು. ಇಂದಿಗೂ ಗೊಮ್ಮಟನ ಎದುರಿನಲ್ಲಿ ಗುಳ್ಳಕಾಯಜ್ಜಿಯ ವಿಗ್ರಹ ನಿಂತಿದೆ.

ಈ ಕಥೆಯನ್ನು ಸಾಮಾನ್ಯವಾಗಿ ಚಾವುಂಡರಾಯನ ಗರ್ವಭಂಗಕ್ಕೆ ದೃಷ್ಟಾಂತವಾಗಿ ಹೇಳುತ್ತಾರೆ. ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಆ ಅಜ್ಜಿಗೆ ಸಭೆಯಲ್ಲಿ ಆಸನವಿರಲಿಲ್ಲ. ಅಭಿಷೇಕದ ಏರ್ಪಾಡನ್ನು ಯಾರೂ ಆಕೆಯೊಡನೆ ಆಲೋಚಿಸಲಿಲ್ಲ. ಆಕೆಯ ಹೆಸರನ್ನೂ ಯಾರೂ ಕೇಳಲಿಲ್ಲ. ಕೈಯಲ್ಲಿದ್ದ ಪಾತ್ರೆಯ ಹೆಸರೇ ಆಕೆಯ ಹೆಸರಾಯಿತು. ಕೊಡುವುದಕ್ಕೆ ಸ್ತ್ರೀಯರು, ಲೆಕ್ಕಕ್ಕೆ ಪುರುಷರು ಎಂಬ ರೂಢಿ ಎಷ್ಟು ಹಳೆಯದೆಂಬುದನ್ನು ಈ ಕಥೆ ಮೌನವಾಗಿ ಹೇಳುತ್ತದೆ. ಮಹಿಳಾ ಸಮಾಜಗಳ ಚರಿತ್ರೆಯೆಂದರೆ ಈ ರೂಢಿಯನ್ನು ಸ್ತ್ರೀಯರು ಮೆಲ್ಲಮೆಲ್ಲನೆ ತಿದ್ದಿದ ಚರಿತ್ರೆ. ಜಿನಬಿಂಬ ಪ್ರತಿಷ್ಠೆಯ ಶುಭಸಂದರ್ಭದಲ್ಲಿ ಅದನ್ನು ಸ್ಮರಿಸುವುದು ಉಚಿತವಾಗಿದೆ.

ಭಗವಾನ್ ಮಹಾವೀರ ಸ್ವಾಮಿಯ ಸಂಘವು ಚತುರ್ವಿಧವಾದುದು: ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ. ಪುರಾಣಗಳು ಹೇಳುವ ಪ್ರಕಾರ ಆ ಸಂಘದಲ್ಲಿ ಒಂದು ಲಕ್ಷ ಶ್ರಾವಕರು, ಮೂರು ಲಕ್ಷ ಶ್ರಾವಿಕೆಯರು. ಆರ್ಯಿಕೆಯರ ಗಣಕ್ಕೆ ಚಂದನೆಯೇ ಪ್ರಮುಖಳು. ಸಂತೆಯಲ್ಲಿ ಮಾರಾಟಕ್ಕೆ ಬಂದು, ಸಂಕೋಲೆಯಲ್ಲಿದ್ದು, ಸ್ವಾಮಿಗೆ ಆಹಾರದಾನ ಮಾಡಿದ ಆ ಕನ್ಯೆ ಸಾವಿರಾರು ಸ್ತ್ರೀಯರಿಗೆ ನಾಯಕಿಯಾದಳು. ಇದಕ್ಕೂ ಹಿಂದೆ, ಆದಿತೀರ್ಥಂಕರನು ಅಕ್ಷರವಿದ್ಯೆಯನ್ನು ಮೊದಲು ಕಲಿಸಿದ್ದು ಮಗಳಾದ ಬ್ರಾಹ್ಮಿಗೆ, ಅಂಕವಿದ್ಯೆಯನ್ನು ಕಲಿಸಿದ್ದು ಮಗಳಾದ ಸೌಂದರಿಗೆ. ಬರಹ ಮತ್ತು ಲೆಕ್ಕ, ಇವೆರಡೂ ಹೆಣ್ಣುಮಕ್ಕಳ ಕೈಯಿಂದಲೇ ಲೋಕಕ್ಕೆ ಬಂದುವೆಂಬುದು ಜೈನಪುರಾಣದ ನಿಲುವು. ವ್ಯಾಪಾರವೃತ್ತಿಯ ಸಮಾಜವೊಂದು ಇದನ್ನು ಎಂದಿಗೂ ಮರೆಯಬಾರದಾಗಿತ್ತು.

ಕನ್ನಡನಾಡಿನ ಶಾಸನಗಳೂ ಈ ಮಾತಿಗೆ ಸಾಕ್ಷಿಯಾಗಿವೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯ ಬಸದಿಯ 1007ರ ಶಾಸನ ಆಕೆಯ ಕೀರ್ತಿಯನ್ನು ಸಾರುತ್ತದೆ. ಹೊಯ್ಸಳರ ಪಟ್ಟದರಸಿ ಶಾಂತಲೆಯು 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ವೀರಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವನು. ಆತನ ಪತ್ನಿ ಆಚಲದೇವಿ ಜೈನಳು. ಆಕೆ 1181ರಲ್ಲಿ ಕಟ್ಟಿಸಿದ ಬಸದಿ ಇಂದಿಗೂ ‘ಅಕ್ಕನ ಬಸದಿ’ಯೆಂದೇ ಕರೆಸಿಕೊಳ್ಳುತ್ತಿದೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಡೂರಿನಲ್ಲಿಯೇ ಕ್ರಿ.ಶ. 971ರ ಶಾಸನವೊಂದಿದೆ. ಗಂಗರ ಭೂತುಗನ ಅಕ್ಕ ಪಾಂಬಬ್ಬೆಯೆಂಬವಳು ಅರಮನೆಯ ಸುಖವನ್ನು ತೊರೆದು, ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸನ್ನಾಚರಿಸಿ ಮುಡಿಪಿದಳೆಂದು ಅದು ತಿಳಿಸುತ್ತದೆ. ಆಕೆ ಯಾರ ಬಲವಂತಕ್ಕೂ ಒಳಗಾಗಲಿಲ್ಲ. ತನ್ನ ಕೇಶವನ್ನು ತಾನೇ ಕಿತ್ತಳು. ತನ್ನ ವ್ರತವನ್ನು ತಾನೇ ಆರಿಸಿಕೊಂಡಳು. ಅದನ್ನು ನೋಡಿದವರು ಆಕೆಯ ಹೆಸರನ್ನು ಕಲ್ಲಿನಲ್ಲಿ ಬರೆಸಿದರು.

ಮುಂದಿನ ಶತಮಾನಗಳಲ್ಲಿ ಈ ಬೆಳಕು ಕುಂದಿತು. ಎಂಟು ಹತ್ತು ವರ್ಷದ ಹುಡುಗಿಗೆ ಮದುವೆ. ಗಂಡನ ಮುಖವನ್ನು ಸರಿಯಾಗಿ ನೋಡುವುದಕ್ಕೆ ಮೊದಲೇ ವೈಧವ್ಯ. ಬಳಿಕ ಜೀವಮಾನವೆಲ್ಲ ಅಡಿಗೆಮನೆಯ ಕತ್ತಲು. ಮೇಲುಜಾತಿಗಳ ಅನೇಕ ಮನೆಗಳಲ್ಲಿ ಆ ಮಗುವಿನ ತಲೆಯನ್ನೂ ಬೋಳಿಸುತ್ತಿದ್ದರು. ಜೈನರ ಮನೆಗಳಲ್ಲಿಯೂ ಬಾಲ್ಯವಿವಾಹ ನಡೆಯುತ್ತಿತ್ತು, ಬಾಲವಿಧವೆಯರೂ ಇದ್ದರು. ಪಾಂಬಬ್ಬೆ ಕೇಶ ತ್ಯಜಿಸಿದ್ದು ಸ್ವಂತ ಇಚ್ಛೆಯಿಂದ. ಈ ಮಕ್ಕಳು ಕೇಶ ಕಳೆದುಕೊಂಡದ್ದು ಹಿರಿಯರ ಅಪ್ಪಣೆಯಿಂದ. ಒಂದು ಧರ್ಮ, ಇನ್ನೊಂದು ಹಿಂಸೆ. ಈ ವ್ಯತ್ಯಾಸವನ್ನು ಕಾಣಲಾರದ ಕಣ್ಣು ಎಷ್ಟು ಶಾಸ್ತ್ರಗಳನ್ನೋದಿದರೂ ಫಲವಿಲ್ಲ.

ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ದೇವನೂರು ಪ್ರಸಿದ್ಧವಾಗಿದೆ. ಅಕ್ಷರ ಬಾರದ ಹೆಂಗಸರೂ ಆ ಕಾವ್ಯವನ್ನು ಗಮಕಿಗಳ ಬಾಯಲ್ಲಿ ಕೇಳಿ ಸೀತೆಯ ದುಃಖಕ್ಕೆ ಕಣ್ಣೀರಿಟ್ಟರು. ಆ ಕಾವ್ಯದಲ್ಲಿ ಪ್ರಮೀಳೆಯ ಸ್ತ್ರೀರಾಜ್ಯದ ಕಥೆ ಬರುತ್ತದೆ. ಸ್ತ್ರೀಯರೇ ಕೂಡಿ ಅರ್ಜುನನ ಯಜ್ಞಾಶ್ವವನ್ನು ಕಟ್ಟಿಹಾಕುತ್ತಾರೆ. ಕವಿಯ ಕಲ್ಪನೆಯಲ್ಲಿ ಸ್ತ್ರೀಯರು ಕೂಡಿದರೆ ಸೇನೆಯಾಗುತ್ತಿತ್ತು. ನಿಜಜೀವನದಲ್ಲಿ ಅವರು ಕೂಡುವ ಸ್ಥಳಗಳೆಂದರೆ ಬಾವಿಯಕಟ್ಟೆ, ಅರಿಸಿನ ಕುಂಕುಮ, ಮದುವೆಮನೆ, ಇವಿಷ್ಟೇ. ಅಲ್ಲಿ ದುಃಖವನ್ನು ಹಂಚಿಕೊಳ್ಳಬಹುದಾಗಿತ್ತು, ನಿರ್ಣಯವನ್ನು ಮಾಡುವಂತಿರಲಿಲ್ಲ. ವಿಧವೆಯರಿಗಂತೂ ಕೊನೆಯ ಎರಡಕ್ಕೆ ಪ್ರವೇಶವೇ ಇರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ ಮೊದಲಿಗರಲ್ಲಿ ಒಬ್ಬರು ನಮ್ಮ ಜಿಲ್ಲೆಯ ಮಲೆಯಲ್ಲಿಯೇ ಹುಟ್ಟಿದವರು. ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವಾದ ಗಂಗಾಮೂಲದ ಅರಣ್ಯದಲ್ಲಿ ಅನಂತಶಾಸ್ತ್ರಿ ಡೋಂಗರೆಯವರು ವಾಸವಾಗಿದ್ದರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಜನರ ನಿಂದೆಗೆ ಗುರಿಯಾಗಿದ್ದ ಅವರು, ಮಗಳಿಗೂ ಸಂಸ್ಕೃತ ಕಲಿಸುವ ವ್ಯವಸ್ಥೆ ಮಾಡಿದರು. ಆ ಮಗಳು 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿ. ಕ್ಷಾಮದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು, ದೇಶವನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ಪಡೆದರು. ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಕೈಗೂಸಿನೊಡನೆ ತಾವೇ ವಿಧವೆಯಾಗಿ, 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಈ ದೇಶಕ್ಕೆ ಉಪಾಧ್ಯಾಯಿನಿಯರೂ ಮಹಿಳಾ ವೈದ್ಯರೂ ಬೇಕೆಂದು ಕೇಳಿದರು. 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅವರು ಕ್ರೈಸ್ತಮತವನ್ನು ಸ್ವೀಕರಿಸಿದುದರಿಂದ ದೊಡ್ಡ ವಿವಾದಗಳೆದ್ದವು. ಆದರೆ ಸ್ತ್ರೀಯರು ತಮ್ಮ ವಿಷಯವನ್ನು ತಾವೇ ಕೂಡಿ ಆಲೋಚಿಸಬೇಕೆಂಬ ಬೀಜ ಆಗಲೇ ನೆಲಕ್ಕೆ ಬಿದ್ದಿತ್ತು.

ಮೈಸೂರು ಸಂಸ್ಥಾನದಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ 1881ರಲ್ಲಿ, ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಆರಂಭವಾಯಿತು. 1894ರಲ್ಲಿ ಸಂಸ್ಥಾನದ ಸರ್ಕಾರವು ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ವರಿಸುವುದನ್ನೂ ನಿಷೇಧಿಸಿತು. ಇಂಥ ಕಾನೂನು ಬೇಕಾಗಿತ್ತೆಂಬುದೇ ಆ ಕಾಲದ ಸ್ಥಿತಿಯನ್ನು ತಿಳಿಸುತ್ತದೆ. ಆದರೆ ಕಾಯಿದೆ ಕಚೇರಿಯಲ್ಲಿ ಹುಟ್ಟುತ್ತದೆ. ಮದುವೆ ನಿಶ್ಚಯವಾಗುವುದು ಮನೆಯೊಳಗೆ. ಕಚೇರಿಗೂ ಅಡಿಗೆಮನೆಗೂ ನಡುವೆ ಸೇತುವೆಯೊಂದು ಬೇಕಾಗಿತ್ತು. ಮಹಿಳಾ ಸಮಾಜವು ಆ ಸೇತುವೆಯಾಯಿತು.

ಕನ್ನಡನಾಡಿನ ಮಟ್ಟಿಗೆ 1913 ಸ್ಮರಣೀಯ ವರ್ಷ. ಆ ವರ್ಷ ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಸ್ಥಾಪಿತವಾಯಿತು. ಅದೇ ವರ್ಷ ನಂಜನಗೂಡಿನಲ್ಲಿ, ಹದಿನಾಲ್ಕನೆಯ ವಯಸ್ಸಿಗೇ ವಿಧವೆಯಾದ ತಿರುಮಲಾಂಬಾ ಅವರು ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಬಳಿಕ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ನಡೆಸಿದರು. ಇನ್ನೊಬ್ಬ ಬಾಲವಿಧವೆ ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆಯನ್ನು ಪ್ರಾರಂಭಿಸಿ ನಾಲ್ಕು ದಶಕಗಳಿಗೂ ಮಿಕ್ಕಿ ನಡೆಸಿದರು. 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮಂಗಳೂರಿನಲ್ಲಿ ಕಾರ್ನಾಡ ಸದಾಶಿವರಾಯರೂ ಅವರ ಪತ್ನಿ ಶಾಂತಾಬಾಯಿಯವರೂ ಮಹಿಳಾ ಸಭೆಯನ್ನು ಸ್ಥಾಪಿಸಿದರು. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಅವರು ಭಗಿನೀ ಮಂಡಳವನ್ನು ಕಟ್ಟಿದರು. ಅವರೂ ಚಿಕ್ಕ ಪ್ರಾಯದಲ್ಲಿ ವಿಧವೆಯಾದವರೇ. ಅವರನ್ನು ಓದಿಸಿ, ಹೊರಗಿನ ಕೆಲಸಕ್ಕೆ ಬೆನ್ನಾಗಿ ನಿಂತವರು ಮಾವ ಆನಂದರಾಯರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಉಮಾಬಾಯಿಯವರು ನೂರೈವತ್ತಕ್ಕೂ ಹೆಚ್ಚು ಮಹಿಳಾ ಸ್ವಯಂಸೇವಕಿಯರನ್ನು ಒಟ್ಟುಗೂಡಿಸಿದರು. ಅವರಲ್ಲಿ ಮನೆಯ ಹೊಸ್ತಿಲನ್ನು ದಾಟದಿದ್ದ ವಿಧವೆಯರೂ ಇದ್ದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ರಮಾಬಾಯಿ, ತಿರುಮಲಾಂಬಾ, ಕಲ್ಯಾಣಮ್ಮ, ಉಮಾಬಾಯಿ ಇವರೆಲ್ಲರೂ ಸಮಾಜವು ಅಮಂಗಳೆಯರೆಂದು ಮೂಲೆಗೆ ಸರಿಸಬಹುದಾಗಿದ್ದವರು. ಆ ಸಮಾಜಕ್ಕೆ ಮಂಗಳವನ್ನುಂಟುಮಾಡಿದವರು ಅವರೇ.

ಜೈನ ಸಮಾಜದ ಚರಿತ್ರೆಯೂ ಇದೇ ಬಗೆಯದು. ಮುಂಬಯಿಯ ದಾನವೀರ ಸೇಠ್ ಮಾಣಿಕಚಂದ್ ಅವರು ಧರ್ಮಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಕಟ್ಟಿಸಿದುದು ಸರ್ವವಿದಿತ. ಅವರ ಮಗಳು ಮಗನ್‌ಬಾಯಿ ಎಳೆಯ ಪ್ರಾಯದಲ್ಲಿಯೇ ವಿಧವೆಯಾದರು. ತಂದೆಯವರು ಮಗಳನ್ನು ಮೂಲೆಗೆ ಕೂರಿಸಲಿಲ್ಲ. ಶಾಸ್ತ್ರಗಳನ್ನೋದಿಸಿ, ಜೊತೆಯಲ್ಲಿ ತೀರ್ಥಯಾತ್ರೆಗೆ ಕರೆದೊಯ್ದು, ಸಭೆಗಳಲ್ಲಿ ಮಾತನಾಡುವಂತೆ ಮಾಡಿದರು. ಮಗನ್‌ಬಾಯಿಯವರು ಮುಂಬಯಿಯಲ್ಲಿ ಶ್ರಾವಿಕಾಶ್ರಮವನ್ನು ನಡೆಸಿದರು. ದಿಗಂಬರ ಜೈನ ಮಹಿಳಾ ಪರಿಷತ್ತನ್ನು ಕಟ್ಟುವುದರಲ್ಲಿ ಅಗ್ರಗಣ್ಯರಾದರು.

ಬಿಹಾರದ ಆರಾ ಪಟ್ಟಣದ ಪಂಡಿತಾ ಚಂದಾಬಾಯಿಯವರ ಕಥೆ ಇನ್ನೂ ಮನಮುಟ್ಟುವಂಥದು. ಅವರು ವೃಂದಾವನದ ವೈಷ್ಣವ ಮನೆತನದಲ್ಲಿ ಹುಟ್ಟಿ ಜೈನರ ಮನೆಗೆ ಸೊಸೆಯಾಗಿ ಬಂದವರು. ಹನ್ನೆರಡನೆಯ ವಯಸ್ಸಿಗೆ ವಿಧವೆಯಾದರು. ಭಾವನವರಾದ ಬಾಬು ದೇವಕುಮಾರರು ಆ ಹುಡುಗಿಗೆ ಸಂಸ್ಕೃತ ಮತ್ತು ಧರ್ಮಗ್ರಂಥಗಳ ಶಿಕ್ಷಣವನ್ನು ಕೊಡಿಸಿದರು. ಅವರು 1921ರಲ್ಲಿ ಆರಾದಲ್ಲಿ ಜೈನ ಬಾಲಾ ವಿಶ್ರಾಮವೆಂಬ ಹೆಣ್ಣುಮಕ್ಕಳ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ‘ಜೈನ ಮಹಿಳಾದರ್ಶ’ ಪತ್ರಿಕೆಯನ್ನು ಬಹುಕಾಲ ಸಂಪಾದಿಸಿದರು. ಇದೇ ದೇವಕುಮಾರರು ಆರಾದಲ್ಲಿ ಸ್ಥಾಪಿಸಿದ ಜೈನ ಸಿದ್ಧಾಂತ ಭವನದಲ್ಲಿ ಕನ್ನಡದ ವಿದ್ವಾಂಸರಾದ ಕೆ. ಭುಜಬಲಿ ಶಾಸ್ತ್ರಿಗಳು ಅನೇಕ ವರ್ಷ ಸೇವೆ ಸಲ್ಲಿಸಿದರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ತಾಳೆಯೋಲೆಗಳನ್ನು ಕಾಪಾಡಿದ ಮನೆತನವೇ ಬಾಲವಿಧವೆಯನ್ನೂ ಕಾಪಾಡಿತು. ಶ್ರುತಸಂರಕ್ಷಣೆ ಮತ್ತು ಜೀವಸಂರಕ್ಷಣೆ ಎರಡೂ ಒಂದೇ ಧರ್ಮವೆಂದು ಆ ಮನೆಯ ಹಿರಿಯರು ಬಲ್ಲವರಾಗಿದ್ದರು.

ಅಂದಿನ ಮಹಿಳಾ ಸಮಾಜಗಳಲ್ಲಿ ನಡೆಯುತ್ತಿದ್ದುದಾದರೂ ಏನು? ಹೊರಗಿನ ಕಣ್ಣಿಗೆ ಅದು ಬಹಳ ಸಾಮಾನ್ಯ. ಮಧ್ಯಾಹ್ನ ಊಟದ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ, ಗಂಡಸರು ಅಂಗಡಿ ಕಚೇರಿಗಳಲ್ಲಿರುವ ಹೊತ್ತಿನಲ್ಲಿ, ಹತ್ತಾರು ಮಂದಿ ಸ್ತ್ರೀಯರು ಒಂದು ಜಗಲಿಯಲ್ಲಿ ಸೇರುತ್ತಿದ್ದರು. ಒಂದಿಷ್ಟು ಭಜನೆ, ಹೊಲಿಗೆ, ಕಸೂತಿ, ಅಕ್ಷರಾಭ್ಯಾಸ, ಹಿಂದೀ ಪರೀಕ್ಷೆಗಳ ಪಾಠ. ಒಬ್ಬರು ಪತ್ರಿಕೆ ಓದಿದರೆ ಉಳಿದವರು ಕೇಳುವುದು. ಕೆಲಸವಿಲ್ಲದವರ ಹರಟೆಯ ಕೂಟವೆಂದು ಅನೇಕರು ಹಾಸ್ಯ ಮಾಡಿದರು. ಹಾಸ್ಯ ಮಾಡಿದವರಿಗೆ ಕಾಣದೆ ಹೋದ ವಸ್ತುಗಳು ಎರಡು: ಒಂದು, ನಡವಳಿಯ ಪುಸ್ತಕ, ಇನ್ನೊಂದು, ಜಮಾಖರ್ಚಿನ ಪುಸ್ತಕ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎಂಬ ಹೆಸರುಗಳಿಂದ ಸ್ತ್ರೀಯರು ಆ ಪುಸ್ತಕಗಳಿಗೆ ಸಹಿ ಹಾಕಿದರು. ಅಲ್ಲಿಯವರೆಗೆ ಇಂಥವರ ಮಗಳು, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಗುರುತಿಸಲ್ಪಟ್ಟವರು ತಮ್ಮ ಸ್ವಂತ ಹೆಸರನ್ನು ಒಂದು ದಾಖಲೆಯಲ್ಲಿ ಕಂಡರು. ತಿಂಗಳಿಗೆ ನಾಲ್ಕಾಣೆಯ ವಂತಿಗೆಯೇ ಆಗಲಿ, ಅದನ್ನು ಹೇಗೆ ವೆಚ್ಚ ಮಾಡಬೇಕೆಂದು ತಾವೇ ಕುಳಿತು ತೀರ್ಮಾನಿಸಿದರು. ವ್ಯಾಪಾರಸ್ಥರಿಗೆ ತಿಳಿಯದ ಮಾತಲ್ಲ ಇದು: ಖಾತೆಯಲ್ಲಿ ಹೆಸರಿಲ್ಲದ ಜಮೆ ಜಮೆಯಾಗುವುದಿಲ್ಲ.

ಈ ಸಣ್ಣ ಕೂಟಗಳು ಕೂಡಿಕೊಂಡು ದೊಡ್ಡ ಶಕ್ತಿಯಾದವು. 1917ರಲ್ಲಿ ಮದರಾಸಿನ ಅಡಯಾರಿನಲ್ಲಿ ಆನಿ ಬೆಸೆಂಟ್, ಮಾರ್ಗರೆಟ್ ಕಸಿನ್ಸ್ ಮೊದಲಾದವರು ಭಾರತೀಯ ಮಹಿಳಾ ಸಂಘವನ್ನು ಸ್ಥಾಪಿಸಿದರು. 1921ರಲ್ಲಿ ಮದರಾಸು ಪ್ರಾಂತದ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆಯಿತು. ಬ್ರಿಟಿಷ್ ಇಂಡಿಯಾದಲ್ಲಿ ಅದೇ ಮೊದಲನೆಯದು. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಪ್ರಥಮ ಅಧಿವೇಶನ ನಡೆಯಿತು. ಮಂಗಳೂರಿನಲ್ಲಿ ಹುಟ್ಟಿದ, ಬಾಲ್ಯದಲ್ಲಿಯೇ ವಿಧವೆಯಾಗಿ ಪುನರ್ವಿವಾಹವಾದ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಸಂಘಟನೆಯಲ್ಲಿ ಮುಂದಾಳಾದರು. ಹರಬಿಲಾಸ ಸಾರ್ಡಾ ಅವರ ಬಾಲ್ಯವಿವಾಹ ನಿಷೇಧದ ಮಸೂದೆ ಶಾಸನಸಭೆಯಲ್ಲಿ ಕುಂಟುತ್ತಿದ್ದಾಗ ಈ ಪರಿಷತ್ತು ದೇಶದೆಲ್ಲೆಡೆ ಸಭೆಗಳನ್ನು ಸೇರಿಸಿತು, ನಿಯೋಗಗಳನ್ನು ಕಳುಹಿಸಿತು. 1929ರಲ್ಲಿ ಶಾಸನವು ಅಂಗೀಕೃತವಾಗಿ, ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ವರ್ಷ ವಿವಾಹದ ಕನಿಷ್ಠ ವಯಸ್ಸೆಂದು ನಿಗದಿಯಾಯಿತು. 1978ರಲ್ಲಿ ಇದು ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದಕ್ಕೆ ಏರಿತು.

ಆಸ್ತಿಯ ಹಕ್ಕಿನಲ್ಲಿಯೂ ಮೈಸೂರು ಸಂಸ್ಥಾನ ಹಿಂದೆ ಬೀಳಲಿಲ್ಲ. 1933ರ ಹಿಂದೂ ಕಾನೂನಿನ ಸ್ತ್ರೀಯರ ಹಕ್ಕುಗಳ ಕಾಯಿದೆಯು ವಿಧವೆಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಕುಟುಂಬದ ವಿಭಾಗದಲ್ಲಿ ಪಾಲನ್ನು ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾಯಿದೆ ಬಂದುದು ಅದಕ್ಕೆ ನಾಲ್ಕು ವರ್ಷಗಳ ಬಳಿಕ. ಸ್ವಾತಂತ್ರ್ಯಾನಂತರ 1956ರ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯವಾಯಿತು. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು ಮಗಳೂ ಮಗನಂತೆಯೇ ಪಿತ್ರಾರ್ಜಿತದಲ್ಲಿ ಸಹಭಾಗಿಯಾದಳು. 2005ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ವಿಸ್ತರಿಸಿತು. ಘಟ್ಟದ ಕೆಳಗಿನ ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನದ ಪದ್ಧತಿಯಿಂದ ವಂಶವು ಹೆಣ್ಣಿನ ಮೂಲಕವೇ ಬೆಳೆದುಬಂದುದನ್ನು ನೆನೆದರೆ, ಹೆಣ್ಣಿಗೆ ಆಸ್ತಿಯೆಂಬುದು ಈ ಸಮಾಜಕ್ಕೆ ಹೊಸ ಮಾತೂ ಅಲ್ಲ, ಪರಕೀಯ ಮಾತೂ ಅಲ್ಲ.

1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ, 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಆರಂಭವಾದ ಮೇಲೆ ಮಹಿಳಾ ಮಂಡಲಿಗಳು ಪಟ್ಟಣಗಳಿಂದ ಹಳ್ಳಿಗಳಿಗೆ ಹಬ್ಬಿದವು. ಶಿಶುವಿಹಾರ, ಹೊಲಿಗೆಯ ತರಗತಿ, ಬಾಣಂತಿಯರ ಆರೈಕೆಯ ತಿಳಿವಳಿಕೆ ಇವು ಅವುಗಳ ಮುಖ್ಯ ಕಾರ್ಯಗಳು. 1992ರಲ್ಲಿ ನಬಾರ್ಡ್ ಸಂಸ್ಥೆಯು ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯವನ್ನು ಆರಂಭಿಸಿತು. ಹತ್ತರಿಂದ ಇಪ್ಪತ್ತು ಸ್ತ್ರೀಯರು ವಾರವಾರ ಕೈಲಾದಷ್ಟು ಹಣವನ್ನು ಕೂಡಿಟ್ಟು, ತಮ್ಮೊಳಗೆ ಸಾಲ ಕೊಟ್ಟು ತೀರಿಸುವ ಪದ್ಧತಿಯಿದು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಿತು. ಅಡಮಾನವಿಲ್ಲದೆ ಪಡೆದ ಸಾಲವನ್ನು ಬಡ ಹೆಂಗಸರು ಕಂತು ತಪ್ಪದೆ ತೀರಿಸುವುದನ್ನು ಕಂಡು ಹಳೆಯ ಲೇವಾದೇವಿಗಾರರೂ ಬೆರಗಾಗಬೇಕಾಯಿತು.

ಹಣದ ವಿಷಯದಲ್ಲಿ ಕೂಡಿದವರು ಮಾನದ ವಿಷಯದಲ್ಲಿಯೂ ಕೂಡಿದರು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕಾಗಿ ಹಳ್ಳಿಯ ಹೆಂಗಸರು ಬಹುಕಾಲದಿಂದ ಕೂಗೆತ್ತಿದ್ದರು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಸಂಪೂರ್ಣ ಮದ್ಯನಿಷೇಧವನ್ನು ಕೇಳುತ್ತ, ನಮ್ಮ ನೆರೆಯ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ಅವರು ಶ್ರಾವಕಾಚಾರದ ಗ್ರಂಥಗಳನ್ನು ಓದಿದವರಲ್ಲ. ಆದರೆ ಮದ್ಯತ್ಯಾಗವೆಂಬ ಮೂಲಗುಣವನ್ನು ನಾಡಿನ ಮುಂದೆ ಹಿಡಿದು ನಡೆದವರು ಅವರು.

ಇನ್ನು ಸಮಾಜವು ತನ್ನನ್ನು ತಾನು ಕನ್ನಡಿಯಲ್ಲಿ ನೋಡಿಕೊಳ್ಳುವ ಮಾತು. 2001ರ ಜನಗಣತಿಯಲ್ಲಿ ಭಾರತದ ಮತಧರ್ಮಗಳ ಪೈಕಿ ಸಾಕ್ಷರತೆಯಲ್ಲಿ ಜೈನರೇ ಪ್ರಥಮರು: ಒಟ್ಟು ಶೇಕಡಾ 94.1, ಸ್ತ್ರೀಯರಲ್ಲಿ ಶೇಕಡಾ 90.6. ಇದನ್ನು ಎಲ್ಲ ಸಭೆಗಳಲ್ಲಿಯೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದೇ ಗಣತಿಯ ಇನ್ನೊಂದು ಅಂಕಿಯನ್ನು ಹೇಳುವವರು ಕಡಿಮೆ. ಆರು ವರ್ಷದವರೆಗಿನ ಮಕ್ಕಳ ಪೈಕಿ, ದೇಶದಲ್ಲಿ ಸಾವಿರ ಗಂಡುಮಕ್ಕಳಿಗೆ 927 ಹೆಣ್ಣುಮಕ್ಕಳಿದ್ದರೆ, ಜೈನರಲ್ಲಿ ಇದ್ದುದು ಕೇವಲ 870. ಇದು ಇಡೀ ದೇಶದ ಜೈನರ ಲೆಕ್ಕ. ಪ್ರಾಂತದಿಂದ ಪ್ರಾಂತಕ್ಕೆ ಅದು ಬೇರೆಯಾಗುತ್ತದೆಂಬುದು ನಿಜ. ಆದರೂ ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ನಂತರ ಉಣ್ಣದ, ಇರುವೆಗೂ ನೋವಾಗಬಾರದೆಂದು ನಡೆಯುವ ಸಮಾಜದಲ್ಲಿ ಈ ಹೆಣ್ಣುಮಕ್ಕಳು ಎಲ್ಲಿ ಹೋದರು? ಗರ್ಭದಲ್ಲಿರುವ ಶಿಶುವಿನ ಲಿಂಗವನ್ನು ಪತ್ತೆಮಾಡುವುದು 1994ರ ಕಾಯಿದೆಯಂತೆ ಅಪರಾಧ. ಅಣುವ್ರತಿಗೆ ಅದು ಕಾಯಿದೆಗಿಂತ ಮೊದಲೇ ಮಹಾಪಾಪ. ಪಂಚಕಲ್ಯಾಣ ಮಹೋತ್ಸವವು ಗರ್ಭಕಲ್ಯಾಣದಿಂದ, ಜಿನಮಾತೆಯ ಹದಿನಾರು ಸ್ವಪ್ನಗಳಿಂದ ಆರಂಭವಾಗುತ್ತದೆ. ಊರಿನ ಹೆಣ್ಣುಮಕ್ಕಳು ದಿಕ್ಕುಮಾರಿಯರಾಗಿ ಆ ತಾಯಿಯ ಸೇವೆಗೆ ನಿಲ್ಲುತ್ತಾರೆ. ದಿಕ್ಕುಮಾರಿಯರಾಗಲು ಮನೆಗಳಲ್ಲಿ ಹೆಣ್ಣುಮಕ್ಕಳೇ ಇಲ್ಲದಂಥ ದಿನ ಬಂದರೆ, ಯಾವ ಕಲ್ಯಾಣವನ್ನು ಆಚರಿಸಬೇಕು?

ಈ ಪ್ರಶ್ನೆಯನ್ನು ಗಂಡಸರ ಸಭೆಗಳು ಸುಲಭವಾಗಿ ಎತ್ತಲಾರವು. ಸೊಸೆಯ ಮೇಲೆ ಯಾರ ಒತ್ತಡ ಬೀಳುತ್ತಿದೆ, ಮದುವೆಯ ಮಾತುಕತೆಯಲ್ಲಿ ಉಡುಗೊರೆಯೆಂಬ ಹೆಸರಿನಿಂದ ಏನು ಕೈಬದಲಾಗುತ್ತಿದೆ, ಗಂಡ ತೀರಿಕೊಂಡವಳ ಹೆಸರಿಗೆ ಅಂಗಡಿಯ ಪಾಲು ಬಂದಿತೇ ಇಲ್ಲವೇ ಎಂಬುದೆಲ್ಲ ಮಹಿಳಾ ಸಮಾಜದ ಜಗಲಿಯಲ್ಲಿ ಮಾತ್ರ ಬಾಯಿಗೆ ಬರುವ ಮಾತುಗಳು. ಆದ್ದರಿಂದಲೇ ಮಹಿಳಾ ಸಮಾಜಗಳ ಅಗತ್ಯ ತೀರಿಲ್ಲ. ದುರ್ದೈವದಿಂದ ಇಂದು ಅನೇಕ ಊರುಗಳಲ್ಲಿ ಅವು ಪೂರ್ಣಕುಂಭದ ಸ್ವಾಗತ, ಪ್ರಾರ್ಥನಾಗೀತೆ, ಭೋಜನಶಾಲೆಯ ಬಡಿಸಾಟ ಇಷ್ಟಕ್ಕೇ ಸೀಮಿತವಾಗಿವೆ. ಇವು ಪುಣ್ಯಕಾರ್ಯಗಳೇ, ಸಂದೇಹವಿಲ್ಲ. ಆದರೆ ತಿರುಮಲಾಂಬಾ, ಮಗನ್‌ಬಾಯಿ, ಚಂದಾಬಾಯಿಯವರು ಸಮಾಜಗಳನ್ನೂ ಪತ್ರಿಕೆಗಳನ್ನೂ ಕಟ್ಟಿದ್ದು ಇಷ್ಟಕ್ಕಾಗಿ ಅಲ್ಲ.

ಆಗಬೇಕಾದ ಕಾರ್ಯಗಳು ಕಷ್ಟಸಾಧ್ಯವೂ ಅಲ್ಲ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಒಂದು ಸಂಘವನ್ನು ನೋಂದಾಯಿಸಲು ಏಳು ಮಂದಿ ಸದಸ್ಯರಿದ್ದರೆ ಸಾಕು. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ, ದೇವನೂರು, ಎಲ್ಲಿಯೇ ಆಗಲಿ ಏಳು ಮಂದಿ ಸ್ತ್ರೀಯರು ಮನಸ್ಸು ಮಾಡಿದರೆ ಸ್ವಂತ ನಿಯಮಾವಳಿ, ಸ್ವಂತ ಬ್ಯಾಂಕುಖಾತೆ, ಸ್ವಂತ ನಡವಳಿಯ ಪುಸ್ತಕವುಳ್ಳ ಸಮಾಜವನ್ನು ಕಟ್ಟಬಹುದು. ಒಂದು ಜಾತಿಗೆ, ಒಂದು ಮತಕ್ಕೆ ಅದನ್ನು ಸೀಮಿತಗೊಳಿಸಬೇಕಾಗಿಯೂ ಇಲ್ಲ. ನೆರೆಮನೆಯ ಸೋದರಿಯನ್ನೂ ಕರೆದುಕೊಂಡರೆ ಬಲ ಹೆಚ್ಚೀತು. ಬಸದಿಗಳ ಆಡಳಿತ ಸಮಿತಿಗಳಲ್ಲಿ ಸ್ತ್ರೀಯರಿಗೆ ಗೌರವಸ್ಥಾನವನ್ನಲ್ಲ, ಮತವುಳ್ಳ ಸದಸ್ಯತ್ವವನ್ನು ಕೊಡಬೇಕು. 2010ರ ತಿದ್ದುಪಡಿಯಿಂದ ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಊರಿನ ಕೆರೆಯ ಲೆಕ್ಕವನ್ನು ನೋಡಬಲ್ಲವಳು ಬಸದಿಯ ಲೆಕ್ಕವನ್ನು ನೋಡಲಾರಳೇ? ಅಂಕವಿದ್ಯೆಯನ್ನು ಸೌಂದರಿಯಿಂದ ಪಡೆದವರು ಈ ಪ್ರಶ್ನೆಗೆ ಇಲ್ಲವೆಂದು ಉತ್ತರಿಸಲಾರರು.

ಗಂಡನನ್ನು ಕಳೆದುಕೊಂಡ ಶ್ರಾವಿಕೆಯನ್ನು ಮಂಗಳಕಾರ್ಯಗಳಲ್ಲಿ ಹಿಂದಿನ ಸಾಲಿಗೆ ಸರಿಸುವುದು ಕೊನೆಯಾಗಬೇಕು. ಕಲಶ ಹೊರುವ ಕೈಗೆ ಬಳೆಯ ಲೆಕ್ಕವನ್ನು ಕೇಳುವುದು ಯಾವ ಆಗಮದ ಮಾತೂ ಅಲ್ಲ. ಜಿನಧರ್ಮದಲ್ಲಿ ಮಂಗಳವೆಂದರೆ ಅರಹಂತರು, ಸಿದ್ಧರು, ಸಾಧುಗಳು, ಕೇವಲಿಪ್ರಣೀತ ಧರ್ಮ. ಈ ನಾಲ್ಕರಲ್ಲಿ ಯಾವುದೂ ಒಬ್ಬ ಸ್ತ್ರೀಯ ಗಂಡನು ಬದುಕಿರುವುದನ್ನು ಅವಲಂಬಿಸಿಲ್ಲ.

ಕೊನೆಯದು ಬಹಳ ಚಿಕ್ಕ ವಿಷಯ. ಇಂಥ ಮಹೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಪಟ್ಟಿ ಅಚ್ಚಾಗುತ್ತದೆ. ‘ಶ್ರೀ ಇಂಥವರು ಮತ್ತು ಧರ್ಮಪತ್ನಿ’, ‘ಶ್ರೀ ಇಂಥವರು ಮತ್ತು ಕುಟುಂಬದವರು’ ಎಂದು ಪುಟಗಟ್ಟಲೆ ಹೆಸರುಗಳಿರುತ್ತವೆ. ಧರ್ಮಪತ್ನಿಗೆ ಒಂದು ಹೆಸರಿರುತ್ತದೆಂಬುದು ಮುದ್ರಣಾಲಯಕ್ಕೆ ಪಟ್ಟಿಯನ್ನು ಕೊಡುವವರಿಗೆ ನೆನಪಾಗುವುದಿಲ್ಲ. ಆ ದಾನದ ಹಣವನ್ನು ಕೂಡಿಟ್ಟವಳು, ಉಪವಾಸವಿದ್ದು ವ್ರತವನ್ನು ಮುಗಿಸಿ ಉದ್ಯಾಪನೆಗೆಂದು ಅದನ್ನು ತೆಗೆದಿಟ್ಟವಳು ಬಹುಮಟ್ಟಿಗೆ ಅವಳೇ. ಕಡೂರಿನ ಕಲ್ಲು ಸಾವಿರ ವರ್ಷಗಳ ಹಿಂದೆಯೇ ಪಾಂಬಬ್ಬೆಯ ಹೆಸರನ್ನು ಬರೆಯಿತು. ಕಲ್ಲಿನಲ್ಲಿ ಒಂದೊಂದು ಅಕ್ಷರಕ್ಕೂ ಉಳಿಪೆಟ್ಟು ಬೇಕು, ಕೂಲಿ ಬೇಕು. ಆದರೂ ಅವರು ಬರೆಸಿದರು. ಕಾಗದದ ಮೇಲೆ ಒಂದು ಹೆಸರನ್ನು ಹೆಚ್ಚಾಗಿ ಅಚ್ಚು ಮಾಡಲು ಅಷ್ಟು ಖರ್ಚೂ ಇಲ್ಲ. ಮುಂದಿನ ಸಂಚಿಕೆಯ ಪಟ್ಟಿಯನ್ನು ಬರೆಯುವ ಕೈ ಈ ಒಂದು ತಿದ್ದುಪಡಿಯನ್ನು ಮಾಡಿದರೆ, ಗುಳ್ಳಕಾಯಜ್ಜಿಯ ನಿಜವಾದ ಹೆಸರೇನೆಂದು ಅಂದು ಯಾರೂ ಕೇಳದೆ ಹೋದ ತಪ್ಪಿಗೆ ಒಂದಿಷ್ಟು ಪ್ರಾಯಶ್ಚಿತ್ತವಾದೀತು.

ಪ್ರತಿಷ್ಠೆಯಾದ ಬಿಂಬಕ್ಕೆ ನಿತ್ಯಪೂಜೆ ಬೇಕು. ಹಾಗೆಯೇ ಗೆದ್ದುಕೊಂಡ ಹಕ್ಕಿಗೂ ನಿತ್ಯದ ಆಚರಣೆ ಬೇಕು. ಹಿಂದಿನವರು ಕಟ್ಟಿದ ಸಮಾಜಗಳನ್ನು ಇಂದಿನ ಸೋದರಿಯರು ಬಲಪಡಿಸಲಿ. ಇಂದಿನ ಶ್ರಾವಕರು ದೇವಕುಮಾರರಂತೆ, ಮಾಣಿಕಚಂದರಂತೆ, ಆನಂದರಾಯರಂತೆ ಅವರಿಗೆ ಬೆನ್ನಾಗಿ ನಿಲ್ಲಲಿ. ಚತುರ್ವಿಧ ಸಂಘದ ನಾಲ್ಕು ಕಂಬಗಳೂ ಸಮನಾಗಿ ನಿಂತಾಗ ಮಾತ್ರ ಮೇಲಿನ ಶಿಖರ ನೆಟ್ಟಗಿರುವುದು.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.